ಕಟ್ಟಿಸಿದವರು, ಕಟ್ಟಿದವರು, ಕಾದವರು: ಹಳೆಯ ಸೇತುವೆಗಳು ಯಾರ ಮನೆತನದವು?

ಬಸವನಗುಡಿಯ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು, ಮೈಸೂರು ಕಡೆಯ ಪ್ರಯಾಣದ ಮಾತು ಬಂದಾಗ, ‘ಆ ದಿಕ್ಕಿನ ಒಂದು ಹಳೆಯ ಕಲ್ಲುಸೇತುವೆ ನಮ್ಮ ಮನೆತನದ್ದು, ನಮ್ಮ ಮುತ್ತಜ್ಜನ ಅಜ್ಜ ಕಟ್ಟಿದ್ದು’ ಎಂದರು. ಅವರ ಆಚೆ ಬದಿಯಲ್ಲಿ ಕುಳಿತಿದ್ದ ಸೊಸೆ ತಲೆಯೆತ್ತದೆ, ‘ಕಟ್ಟಿದ್ದಲ್ಲ ಮಾವ, ಕಟ್ಟಿಸಿದ್ದು’ ಎಂದು ತಿದ್ದಿದರು. ಹಿರಿಯರು ನಕ್ಕು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಆ ಒಂದಕ್ಷರದ ತಿದ್ದುಪಡಿ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಹಳೆಯ ಸೇತುವೆಗಳ ಬಗ್ಗೆ ನಾವು ಪಡುವ ಹೆಮ್ಮೆಯಲ್ಲಿ ಏನೆಲ್ಲ ಕಲಸಿಹೋಗಿದೆ ಎಂಬುದನ್ನು ಬಿಡಿಸಿ ನೋಡಲು ಕನ್ನಡದ ಈ ‘ಇಸು’ ಪ್ರತ್ಯಯಕ್ಕಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ.

ನಮ್ಮ ಶಾಸನಗಳಿಗೆ ‘ಇಸು’ ಬಹಳ ಇಷ್ಟ. ಲಕ್ಷ್ಮೀಧರಾಮಾತ್ಯನಿಗೆ ಅವನ ತಾಯಿ ಹಾಲೂಡುವಾಗಲೇ ಕಿವಿಯಲ್ಲಿ ಉಸುರಿದಳೆಂದು ವಿಜಯನಗರ ಕಾಲದ ಶಾಸನವೊಂದು ಹೇಳುವ ಮಾತು ನಾಡಿಗೆಲ್ಲ ಗೊತ್ತಿರುವುದೇ: ಕೆರೆಯನ್ನು ಕಟ್ಟಿಸು, ಬಾವಿಯನ್ನು ಸವೆಸು, ದೇವಾಲಯವನ್ನು ಮಾಡಿಸು. ಪುಣ್ಯವೆಲ್ಲ ಮಾಡಿಸಿದವನ ಪಾಲಿಗೆ. ಈ ಪಟ್ಟಿಯಲ್ಲಿ ಸೇತುವೆ ಇಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಬಯಲುಸೀಮೆಯ ನದಿಗಳು ವರ್ಷದ ಬಹುಪಾಲು ಕಾಲ ನಡೆದು ದಾಟುವಷ್ಟು ಇಳಿದಿರುತ್ತಿದ್ದವು. ಮಳೆಗಾಲದಲ್ಲಿ ಹರಗೋಲು ಇರುತ್ತಿತ್ತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲದೆ ನದಿಯೆಂದರೆ ಕೋಟೆಗೆ ದೇವರೇ ಕೊಟ್ಟ ಕಂದಕ. ಅದರ ಮೇಲೆ ಶಾಶ್ವತವಾದ ಸೇತುವೆ ಹಾಕಿದರೆ ವ್ಯಾಪಾರಿಗಿಂತ ಮೊದಲು ಶತ್ರುವೇ ಅದನ್ನು ದಾಟಿ ಬರಬಹುದು. ಹಾಗಾಗಿ ನಮ್ಮಲ್ಲಿ ಸಾವಿರ ವರ್ಷದ ಕೆರೆಗಳಿಗೆ ಬರವಿಲ್ಲ, ಆದರೆ ನೆಟ್ಟಗೆ ನಿಂತಿರುವ ಹಳೆಯ ನದಿಸೇತುವೆಗಳನ್ನು ಬೆರಳ ಮೇಲೆ ಎಣಿಸಬಹುದು. ಹಂಪಿಯ ವಿಠ್ಠಲ ದೇವಾಲಯದ ಬಳಿ ತುಂಗಭದ್ರೆಯಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಅಂಥದೊಂದು ಸೇತುವೆಯ ಎಲುಬುಗಳು.

ಬೆಂಗಳೂರಿನಿಂದ ಹೊರಟವರಿಗೆ ಹತ್ತಿರದಲ್ಲಿ ಸಿಗುವ ಉದಾಹರಣೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿರುವ ವೆಲ್ಲೆಸ್ಲಿ ಸೇತುವೆ. 1799ರ ಮೇ 4ರಂದು ಕೋಟೆ ಬಿದ್ದು, ರಾಜಧಾನಿ ಮೈಸೂರಿಗೆ ಹೋದ ಮೇಲೆ, ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಕಟ್ಟಲ್ಪಟ್ಟ ಇದು 1804ರಲ್ಲಿ ಪೂರ್ತಿಯಾಯಿತು. ಹೆಸರು ಮಾತ್ರ ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯದು. ಅಂದರೆ ಕಟ್ಟಿದವರೂ ಅಲ್ಲದ, ಕಟ್ಟಿಸಿದವರೂ ಅಲ್ಲದ ಮೂರನೆಯವರೊಬ್ಬರು ಇಲ್ಲಿ ಹೆಸರನ್ನು ಹೊಡೆದುಕೊಂಡಿದ್ದಾರೆ. ಹೆಸರಿಡುವುದು ಆ ಕಾಲದ ರಾಜಕೀಯದ ಒಂದು ಕಾಣಿಕೆಯಾಗಿತ್ತು. ಈಗಿನ ಮೇಲ್ಸೇತುವೆಗಳಿಗೆ ಹೆಸರಿಡುವಾಗ ನಡೆಯುವ ಜಗ್ಗಾಟವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಸೇತುವೆಯಲ್ಲಿ ಕಮಾನು ಇಲ್ಲ, ಕಬ್ಬಿಣವೂ ಇಲ್ಲ. ಕಲ್ಲಿನ ಕಂಬ, ಅದರ ತಲೆಯ ಮೇಲೆ ಎರಡು ಬದಿಗೂ ಚಾಚಿಕೊಂಡ ಕಲ್ಲಿನ ಬೋದಿಗೆ, ಬೋದಿಗೆಯಿಂದ ಬೋದಿಗೆಗೆ ಕಲ್ಲಿನ ತೊಲೆ, ಅದರ ಮೇಲೆ ದಾರಿ. ನಮ್ಮ ದೇವಾಲಯಗಳ ಮುಖಮಂಟಪವನ್ನೋ ಹಳೆಯ ಛತ್ರದ ಜಗಲಿಯನ್ನೋ ಉದ್ದಕ್ಕೆ ಎಳೆದು ನದಿಯ ಮೇಲೆ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಇದನ್ನು ಕಂಡು ‘ಕಮಾನು ಕಟ್ಟಲು ಬಾರದವರ ಕೆಲಸ’ ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತು ಸರಿಯಲ್ಲ. ಏಕೆಂಬುದನ್ನು ತಿಳಿಯಲು ಕಲ್ಲಿನ ಸ್ವಭಾವವನ್ನು ಸ್ವಲ್ಪ ನೋಡಬೇಕು.

ಒಂದು ಸೀಮೆಸುಣ್ಣದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಮೇಲಿನಿಂದ ಅದುಮಿದರೆ ಅದು ಸುಲಭವಾಗಿ ಪುಡಿಯಾಗುವುದಿಲ್ಲ. ಅದೇ ಕಡ್ಡಿಯ ಎರಡು ತುದಿಗಳನ್ನು ಹಿಡಿದು ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಬಗ್ಗಿಸಿದಾಗ ಕಡ್ಡಿಯ ಒಂದು ಮೈ ಕುಗ್ಗುತ್ತದೆ, ಎದುರಿನ ಮೈ ಹಿಗ್ಗುತ್ತದೆ. ಹಿಗ್ಗಿದ ಮೈಯಲ್ಲಿ ಬಿರುಕು ಹುಟ್ಟುತ್ತದೆ. ಕಲ್ಲೂ ಹೀಗೆಯೇ: ಅದುಮುವ ಬಲವನ್ನು ತಡೆಯುವುದರಲ್ಲಿ ಗಟ್ಟಿ, ಎಳೆಯುವ ಬಲಕ್ಕೆ ಅದರ ಹತ್ತನೆಯ ಒಂದು ಪಾಲಿನಷ್ಟೂ ತಡೆಯದು. ಎರಡು ಕಂಬಗಳ ಮೇಲೆ ಮಲಗಿಸಿದ ಕಲ್ಲಿನ ತೊಲೆ ತನ್ನ ಭಾರಕ್ಕೆ ತಾನೇ ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಆಗ ಅದರ ಹೊಟ್ಟೆಯ ಕಡೆ ಎಳೆತ ಹುಟ್ಟುತ್ತದೆ. ಒಂದೇ ದಪ್ಪದ ತೊಲೆಯ ಉದ್ದವನ್ನು ಎರಡರಷ್ಟು ಮಾಡಿದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಕಲ್ಲಿನ ತೊಲೆಯ ಸೇತುವೆಯಲ್ಲಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು.

ಬೋದಿಗೆಯ ಮಹತ್ವ ಇರುವುದು ಇಲ್ಲಿಯೇ. ಕಂಬದಿಂದ ಕಂಬಕ್ಕೆ ಹನ್ನೆರಡು ಅಡಿ ಇದೆ ಎಂದುಕೊಳ್ಳೋಣ. ಎರಡೂ ಕಡೆಯಿಂದ ಬೋದಿಗೆ ಎರಡೆರಡು ಅಡಿ ಚಾಚಿಕೊಂಡರೆ ತೊಲೆ ಆಧಾರವಿಲ್ಲದೆ ದಾಟಬೇಕಾದ ದೂರ ಎಂಟು ಅಡಿಗೆ ಇಳಿಯುತ್ತದೆ. ದೂರ ಇಳಿದದ್ದು ಮೂರನೆಯ ಒಂದು ಪಾಲು. ತೊಲೆಯ ಹೊಟ್ಟೆಯ ಎಳೆತ ಇಳಿದದ್ದು ಅರ್ಧಕ್ಕಿಂತ ಹೆಚ್ಚು. ಈ ಲೆಕ್ಕವನ್ನು ಯಾವ ಶಿಲ್ಪಿಯೂ ಕಾಗದದ ಮೇಲೆ ಹಾಕಿರಲಿಕ್ಕಿಲ್ಲ. ಆದರೆ ಯಾವ ಉದ್ದಕ್ಕೆ ಯಾವ ದಪ್ಪ, ಎಷ್ಟು ಬೋದಿಗೆ ಎಂಬ ಲೆಕ್ಕ ದೇವಾಲಯ, ಮಂಟಪ, ಛತ್ರಗಳ ಕೆಲಸದಲ್ಲಿ ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಇಳಿದು ಬಂದಿತ್ತು. ಮನೆತನದ ಹೆಮ್ಮೆ ಎಂದರೆ ಇದು ಎಂದು ನನಗೆ ಅನ್ನಿಸುತ್ತದೆ. ಶಾಸನದಲ್ಲಿ ಹೆಸರಿಲ್ಲದಿದ್ದರೂ ಕಲ್ಲಿನ ಅಳತೆಯಲ್ಲಿ ಉಳಿದುಕೊಂಡ ಹೆಮ್ಮೆ.

ಕಂಬಗಳು ಹತ್ತಿರವಿದ್ದರೆ ನೀರಿಗೆ ಅಡ್ಡಿಯಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಅದಕ್ಕೆ ಪರಿಹಾರ ನದಿಯ ತಳದಲ್ಲಿಯೇ ಇತ್ತು. ದೊಡ್ಡ ನದಿಗಳಲ್ಲಿ ಸೇತುವೆ ಬೀಳುವುದಕ್ಕೆ ಸಾಮಾನ್ಯವಾದ ಕಾರಣ, ಕಂಬದ ಬುಡದ ಮರಳನ್ನು ಪ್ರವಾಹ ಕೊರೆದು ಒಯ್ಯುವುದು. ಮೇಲಿನ ಕಟ್ಟಡ ಎಷ್ಟೇ ಗಟ್ಟಿಯಿದ್ದರೂ ಕಾಲ ಕೆಳಗಿನ ನೆಲವೇ ಜಾರಿದರೆ ಉಳಿಗಾಲವಿಲ್ಲ. ಕಾವೇರಿಯ ಈ ಭಾಗದಲ್ಲಿ ತಳವೇ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ನಾವು ಹತ್ತಿ ಕುಳಿತುಕೊಳ್ಳುವ, ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ನೈಸ್ ಶಿಲೆಯ ಬಳಗದ್ದೇ ಆ ಬಂಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯಲ್ಲಿ ಕುಳಿ ಕಡೆದು ಕಂಬವನ್ನು ನೆಟ್ಟರೆ ಅದರ ಬುಡ ಕೊರೆದುಹೋಗುವ ಭಯ ಇಲ್ಲ. ಕೃಷ್ಣರಾಜಸಾಗರ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಮುಂಗಾರಿನ ಪ್ರತಿಯೊಂದು ಪ್ರವಾಹವೂ ನೇರವಾಗಿ ಮೈಮೇಲೆ ಬರುತ್ತಿದ್ದಾಗ, ಈ ಸೇತುವೆ ನಿಂತದ್ದು ಹೀಗೆ. ಅಣೆಕಟ್ಟಿನ ಕೆಲಸ ಇನ್ನೂ ನಡೆಯುತ್ತಿದ್ದ 1924ರ ಜುಲೈಯ ಮಹಾಪ್ರವಾಹವನ್ನೂ ಅದು ಕಂಡಿದೆ.

ಇನ್ನು ಶಿವನಸಮುದ್ರ. ಅಲ್ಲಿ ಕಾವೇರಿ ಎರಡಾಗಿ ಒಡೆದು, ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ, ನಡುವೆ ದ್ವೀಪ. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ವಿದ್ಯುದ್ದೀಪ ಬಂದದ್ದು ಇಲ್ಲಿನ ನೀರಿನಿಂದಲೇ. ಅದಕ್ಕೂ ಬಹಳ ಮೊದಲು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಮೈಸೂರಿನ ರೆಸಿಡೆಂಟರ, ಎಂದರೆ ಬ್ರಿಟಿಷ್ ಪ್ರತಿನಿಧಿಯ, ನಂಬಿಕೆಯ ನೌಕರರಾಗಿದ್ದ ರಾಮಸ್ವಾಮಿ ಮೊದಲಿಯಾರ್ ಎಂಬವರು ದ್ವೀಪವನ್ನು ಎರಡೂ ದಡಗಳಿಗೆ ಸೇರಿಸುವ ಸೇತುವೆಗಳನ್ನು ಕಟ್ಟಿಸಿದರು. ಅದೇ ಮಾದರಿ: ಕಡೆದ ಕಲ್ಲಿನ ಕಂಬಗಳನ್ನು ಬಂಡೆಯ ತಳದಲ್ಲಿ ಇಳಿಸಿ, ಮೇಲೆ ಕಲ್ಲಿನ ತೊಲೆ. ಒಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್‌ನ ಹೆಸರಾಯಿತು, ಇನ್ನೊಂದನ್ನು ಜನ ವೆಸ್ಲಿ ಸೇತುವೆ ಎಂದು ಕರೆಯುತ್ತಾರೆ. ಮೊದಲಿಯಾರರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ, ಬ್ರಿಟಿಷ್ ಸರ್ಕಾರದಿಂದಲೂ ಮೈಸೂರು ಅರಸರಿಂದಲೂ ಜಹಗೀರಿನ ಹಳ್ಳಿಗಳೂ ಸಿಕ್ಕವು. ಪೂರ್ಣಯ್ಯನವರಿಗೂ 1807ರಲ್ಲಿ ಯಳಂದೂರು ಜಹಗೀರು ಸಿಕ್ಕಿತ್ತು. ಅದು ಅವರ ಒಟ್ಟು ಸೇವೆಗೆ ಸಂದದ್ದು, ಒಂದು ಸೇತುವೆಗಲ್ಲ. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆದರು.

ಮನೆತನ ಮತ್ತು ಸೇತುವೆ ಕೂಡಿಕೊಂಡದ್ದು ಈ ಜಹಗೀರಿನ ಮೂಲಕ. ಬಿರುದು ಒಬ್ಬನಿಗೆ ಸಿಗುತ್ತದೆ, ಭೂಮಿ ವಂಶಕ್ಕೆ ಸಿಗುತ್ತದೆ. ಹಳ್ಳಿಯ ಕಂದಾಯ ಬರುತ್ತಿರುವವರೆಗೂ ‘ನಮ್ಮ ಹಿರಿಯರು ಕಟ್ಟಿಸಿದ್ದು’ ಎಂಬ ನೆನಪಿಗೆ ಒಂದು ಆಧಾರ ಇರುತ್ತದೆ. ಜಹಗೀರು ಕೊಟ್ಟ ಸನ್ನದು ಪೆಟ್ಟಿಗೆಯಲ್ಲಿರುತ್ತದೆ, ಮಕ್ಕಳಿಗೆ ಅದನ್ನು ತೋರಿಸುವವರೂ ಇರುತ್ತಾರೆ. 1950ರ ದಶಕದಲ್ಲಿ ಮೈಸೂರು ರಾಜ್ಯ ಇಂಥ ಕೊಡುಗೆ ಭೂಮಿಗಳನ್ನು, ಅಂದರೆ ಇನಾಮುಗಳನ್ನು, ರದ್ದು ಮಾಡಿತು. ಉಳುವವನಿಗೆ ಅದರಿಂದ ನ್ಯಾಯ ಸಿಕ್ಕಿತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಇನಾಮು ಹೋದಲ್ಲೆಲ್ಲ ಅದನ್ನು ತಂದುಕೊಟ್ಟ ಕೆಲಸದ ನೆನಪೂ ಸಡಿಲವಾಯಿತು. ಕುಟುಂಬಗಳು ಬೆಂಗಳೂರಿಗೆ, ಮದರಾಸಿಗೆ, ಆಮೇಲೆ ಸಮುದ್ರದಾಚೆಗೆ ಹೋದವು. ಮದುವೆಯ ಪಂಕ್ತಿಯ ಹಿರಿಯರ ಬಾಯಲ್ಲಿ ಉಳಿದಿದ್ದದ್ದು ಆ ನೆನಪಿನ ಕೊನೆಯ ತುಣುಕು.

2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಬಂಡೆಯ ಮೇಲೆ ನಿಂತ ಇಂಥ ಸೇತುವೆ ಹೇಗೆ ಬೀಳುತ್ತದೆ? ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದಕ್ಕಿಂತ, ಈ ಜಾತಿಯ ಸೇತುವೆಗಳ ಮರ್ಮಸ್ಥಾನಗಳನ್ನು ತಿಳಿಯುವುದು ಮೇಲು. ನೀರಿನ ವೇಗ ಎರಡರಷ್ಟಾದರೆ ಕಂಬದ ಮೇಲಿನ ನೂಕು ನಾಲ್ಕರಷ್ಟಾಗುತ್ತದೆ. ತೇಲಿ ಬಂದ ಮರದ ಬೊಡ್ಡೆಗಳು ಹತ್ತಿರ ಹತ್ತಿರದ ಕಂಬಗಳ ನಡುವೆ ಸಿಕ್ಕಿಕೊಂಡರೆ ಸೇತುವೆಯೇ ಅಣೆಕಟ್ಟಾಗುತ್ತದೆ, ಹಿಂದೆ ನೀರು ಏರುತ್ತದೆ. ನೀರು ತೊಲೆಗಳನ್ನು ಮುಳುಗಿಸಿದಾಗ ಇನ್ನೂ ಒಂದು ವಿಚಿತ್ರ ನಡೆಯುತ್ತದೆ. ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ; ಆದ್ದರಿಂದ ಮುಳುಗಿದ ತೊಲೆ ತನ್ನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಂತಾಗುತ್ತದೆ. ಬಾವಿಯಲ್ಲಿ ಮುಳುಗಿದ ಕೊಡ ಹಗುರವೆನಿಸಿ, ನೀರಿನಿಂದ ಮೇಲೆದ್ದ ಕೂಡಲೇ ಹಗ್ಗ ಜಗ್ಗುವುದನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಇಡೀ ಸೇತುವೆ ನಿಂತಿರುವುದೇ ಕಲ್ಲಿನ ಮೇಲೆ ಕಲ್ಲು ಹೇರಿದ ಭಾರದಿಂದ. ನೂಕು ಹೆಚ್ಚಾಗುವ ಹೊತ್ತಿಗೇ ಸರಿಯಾಗಿ ಆ ಭಾರ ಇಳಿಯುತ್ತದೆ. ಇಷ್ಟರೊಳಗೆ ಸಂದಿನಲ್ಲಿ ಅರಳಿಯ ಸಸಿ ಬೇರೂರಿ ಕಲ್ಲನ್ನು ಬೆರಳಗಲ ಸರಿಸಿದ್ದರೆ ಮುಗಿಯಿತು.

ಅರಳಿಯ ಸಸಿ ಬೆರಳುದ್ದ ಇದ್ದಾಗ ಕಿತ್ತು ಹಾಕುವುದಕ್ಕೆ ಒಬ್ಬ ಮನುಷ್ಯ, ಒಂದು ಕುಡುಗೋಲು ಸಾಕು. ಅದನ್ನು ಯಾರು ಕೀಳಬೇಕು ಎಂಬುದು ಸೇತುವೆಯ ಇತಿಹಾಸದಲ್ಲಿ ಯಾರೂ ಬರೆಯದ ಅಧ್ಯಾಯ. ಕಾಯುವವರೇ ಕಟ್ಟುವವರೂ ಆಗಿರುವ ಕಡೆ ಈ ತೊಂದರೆ ಇರುವುದಿಲ್ಲ. ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಮೇಲೆ ಹುಲ್ಲಿನ ಹಗ್ಗದಿಂದ ಹೆಣೆದ ಕೆಸ್ವಾಚಾಕಾ ಎಂಬ ತೂಗುಸೇತುವೆಯಿದೆ. ಸುತ್ತಲಿನ ನಾಲ್ಕು ಊರುಗಳ ಕುಟುಂಬಗಳು ಪ್ರತಿ ಜೂನ್ ತಿಂಗಳಲ್ಲಿ ಸೇರಿ, ಮನೆಮನೆಯಿಂದ ಹಗ್ಗ ಹೊಸೆದು ತಂದು, ಹಳೆಯದನ್ನು ನದಿಗೆ ಬಿಟ್ಟು ಹೊಸದನ್ನು ಕಟ್ಟುತ್ತವೆ. 2020ರಲ್ಲಿ ಕೋವಿಡ್‌ನಿಂದಾಗಿ ಆ ಕೆಲಸ ತಪ್ಪಿತು. 2021ರ ಮಾರ್ಚ್‌ನಲ್ಲಿ ಸೇತುವೆ ಹರಿದು ಬಿತ್ತು. ಜೂನ್‌ನಲ್ಲಿ ಮತ್ತೆ ಕಟ್ಟಿದರು. ಮೇಘಾಲಯದ ಖಾಸಿ ಊರುಗಳಲ್ಲಿ ರಬ್ಬರ್ ಜಾತಿಯ ಆಲದ ಬಿಳಲುಗಳನ್ನು ಟೊಳ್ಳು ಮಾಡಿದ ಅಡಿಕೆ ಮರದ ದೋಣಿಯೊಳಗೆ ಹಾಯಿಸಿ ಹಳ್ಳದ ಆಚೆ ದಡಕ್ಕೆ ಬೆಳೆಸುತ್ತಾರೆ. ನೆಟ್ಟವನು ಸಾಮಾನ್ಯವಾಗಿ ಅದರ ಮೇಲೆ ನಿರ್ಭಯವಾಗಿ ನಡೆಯುವ ವಯಸ್ಸಿನಲ್ಲಿ ಇರುವುದಿಲ್ಲ, ಅವನ ಮಕ್ಕಳು ನಡೆಯುತ್ತಾರೆ.

ಅಡಿಕೆ ಮರ ಎಂದ ಕೂಡಲೇ ಬೆಂಗಳೂರಿನಲ್ಲಿರುವ ಮಲೆನಾಡಿನವರಿಗೂ ಕರಾವಳಿಯವರಿಗೂ ತಮ್ಮ ಊರಿನ ಕಾಲುಸಂಕ ನೆನಪಾಗಿರುತ್ತದೆ. ಮಳೆಗಾಲ ಹಿಡಿಯುವ ಮೊದಲು ಎರಡೋ ಮೂರೋ ಮರ ಕಡಿದು, ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಆ ವರ್ಷದ ಸೇತುವೆ ಸಿದ್ಧ. ಅದಕ್ಕೆ ಹೆಸರಿಲ್ಲ, ಉದ್ಘಾಟನೆ ಇಲ್ಲ. ತೋಟದ ಮನೆಯವರು ಹಾಕುತ್ತಾರೆ, ಶಾಲೆಯ ಮಕ್ಕಳೆಲ್ಲ ದಾಟುತ್ತಾರೆ, ಕೆಲವೊಮ್ಮೆ ಜಾರಿಯೂ ಬೀಳುತ್ತಾರೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆ ಹುಟ್ಟಿದ್ದು ಇಂಥದೇ ಅಗತ್ಯದಿಂದ. ಆಮೇಲೆ ಅವರು ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು.

ವಿನ್ಯಾಸ, ಮೇಲ್ವಿಚಾರಣೆ ಎರಡೂ ಒಂದೇ ಮನೆಯಲ್ಲಿ ಉಳಿದ ಅಪರೂಪದ ಉದಾಹರಣೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ. ಅದನ್ನು ಕಲ್ಪಿಸಿದ ಜಾನ್ ರೋಬ್ಲಿಂಗ್ 1869ರಲ್ಲಿ ಕಾಲಿಗೆ ಪೆಟ್ಟಾಗಿ ಧನುರ್ವಾಯುವಿನಿಂದ ತೀರಿಕೊಂಡರು. ಮಗ ವಾಷಿಂಗ್ಟನ್ ನದಿಯ ತಳದಲ್ಲಿ, ಒತ್ತಿದ ಗಾಳಿಯ ಪೆಟ್ಟಿಗೆಯೊಳಗೆ ಅಡಿಪಾಯ ತೋಡಿಸುತ್ತ ಕಾಯಿಲೆ ಬಿದ್ದರು. ಸೊಸೆ ಎಮಿಲಿ ಗಣಿತ, ಉಕ್ಕಿನ ಬಲಾಬಲ ಎಲ್ಲವನ್ನೂ ಕಲಿತು, ಹಾಸಿಗೆ ಹಿಡಿದ ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಒಯ್ದು, 1883ರಲ್ಲಿ ಸೇತುವೆ ಮುಗಿಯುವವರೆಗೆ ಕೆಲಸ ಮುನ್ನಡೆಸಿದರು. ಅಲ್ಲಿಯೂ ಅದೇ ಗಾಳಿಯ ಪೆಟ್ಟಿಗೆಯಲ್ಲಿ ಅಗೆದ ನೂರಾರು ಕೂಲಿಗಳ ಮನೆಗಳಿಗೆ ಈ ಹೆಮ್ಮೆ ತಲುಪಲಿಲ್ಲ.

ನಮ್ಮಲ್ಲಿ ಆ ಕೂಲಿಗಳು ಯಾರು? ಹಳೆಯ ಮೈಸೂರಿನ ಕಲ್ಲಿನ ಕೆಲಸದ ಬಹುಭಾಗ ನಡೆದದ್ದು ಕಲ್ಲುಕುಟಿಗರ ಮತ್ತು ಭೋವಿಗಳ ಕೈಯಲ್ಲಿ. ಬಂಡೆ ಒಡೆಯುವವರನ್ನು ಕಲ್ಲೊಡ್ಡರೆಂದೂ ಮಣ್ಣಿನ ಕೆಲಸದವರನ್ನು ಮಣ್ಣೊಡ್ಡರೆಂದೂ ಜನ ಕರೆಯುತ್ತಿದ್ದರು. ಬೆಂಗಳೂರಿನ ಭೋವಿಪಾಳ್ಯದ ಹೆಸರಿನಲ್ಲಿ ಆ ಸಮುದಾಯ ಇಂದಿಗೂ ಕಾಣುತ್ತದೆ. ಬೆಂಗಳೂರಿನ ಸುತ್ತಲಿನ ಬಂಡೆಗಳಲ್ಲಿ ಚಪ್ಪಡಿ ತೆಗೆಯುತ್ತಿದ್ದ ಅವರ ರೀತಿ ಹತ್ತೊಂಬತ್ತನೆಯ ಶತಮಾನದ ವಿದೇಶೀ ವಿಜ್ಞಾನಿಗಳಿಗೂ ಬೆರಗು ಹುಟ್ಟಿಸಿತ್ತು. ಬಂಡೆಯ ಮೈಮೇಲೆ ಒಂದು ಗೆರೆಯಾಗಿ ಸೌದೆಯ ಬೆಂಕಿ ಹಾಕುತ್ತಾರೆ. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಕೆಳಪದರದಿಂದ ಬಿಟ್ಟುಕೊಳ್ಳುತ್ತದೆ. ಒಬ್ಬನು ಬೆಂಕಿಯ ಮುಂದೆ ಸುತ್ತಿಗೆಯಿಂದ ಬಂಡೆಯನ್ನು ತಟ್ಟುತ್ತ ಹೋಗುತ್ತಾನೆ. ಗಟ್ಟಿ ಸದ್ದು ಬಂದರೆ ಪದರ ಇನ್ನೂ ಹಿಡಿದಿದೆ, ಟೊಳ್ಳು ಸದ್ದು ಬಂದರೆ ಬಿಟ್ಟಿದೆ, ಬೆಂಕಿಯನ್ನು ಮುಂದೆ ಸರಿಸಬಹುದು. ಹೀಗೆ ಕಿವಿಯಿಂದಲೇ ಅಳೆದು, ಒಂದೇ ದಪ್ಪದ ಹಾಳೆಯಂತೆ ಬಂಡೆಯನ್ನು ಎಬ್ಬಿಸಿ, ಆಮೇಲೆ ಸಾಲಾಗಿ ಕುಳಿ ಹೊಡೆದು, ಕಬ್ಬಿಣದ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಪೆಟ್ಟು ಹಾಕುತ್ತ ಬೇಕಾದ ಅಗಲಕ್ಕೆ ಸೀಳುತ್ತಿದ್ದರು.

ವಿಧಾನಸೌಧವನ್ನು ಕಟ್ಟಿದವರು ಯಾರೆಂದು ಬೆಂಗಳೂರಿನ ಯಾವ ಮಗುವನ್ನು ಕೇಳಿದರೂ ಕೆಂಗಲ್ ಹನುಮಂತಯ್ಯನವರ ಹೆಸರು ಬರುತ್ತದೆ. ಬರಬೇಕಾದದ್ದೇ. ಆದರೆ ಅಲ್ಲಿ ದುಡಿದ ಸುಮಾರು 1500 ಮಂದಿ ಕುಶಲ ಕಲ್ಲುಕೆಲಸದವರು, ಗಾರೆಯವರು, ಬಡಗಿಗಳ ಮೊಮ್ಮಕ್ಕಳಲ್ಲಿ ಎಷ್ಟು ಜನರಿಗೆ ‘ನಮ್ಮಜ್ಜ ಕಟ್ಟಿದ್ದು’ ಎಂದು ಪಂಕ್ತಿಯಲ್ಲಿ ಕುಳಿತು ಹೇಳುವ ಸಂದರ್ಭ ಬಂದೀತು? ‘ಇಸು’ ಇಲ್ಲದೆ, ವ್ಯಾಕರಣ ತಪ್ಪದೆ ಆ ಮಾತನ್ನು ಹೇಳುವ ಹಕ್ಕು ಇರುವುದು ಅವರಿಗೆ.

ಇನ್ನೂ ಒಂದು ಬಗೆಯ ಮನೆತನವಿದೆ, ಸೇತುವೆ ಬಂದದ್ದರಿಂದ ಕೆಲಸ ಕಳೆದುಕೊಂಡದ್ದು. ಹರಗೋಲು ಹಾಕುತ್ತಿದ್ದ ಅಂಬಿಗರಿಗೆ ಕಡವು, ಅಂದರೆ ಜನರನ್ನು ನದಿ ದಾಟಿಸುವ ಜಾಗ, ಹೊಲವಿದ್ದಂತೆ. ಯಾವ ಕಡವು ಯಾವ ಮನೆಯವರದು ಎಂಬುದಕ್ಕೆ ಊರೊಳಗೆ ಕಟ್ಟುಪಾಡು ಇರುತ್ತಿತ್ತು. ಸೇತುವೆ ಎದ್ದ ದಿನ ಆ ಹೊಲ ಮುಳುಗಿದಂತೆಯೇ. ಸೇತುವೆಯ ಚರಿತ್ರೆ ಬರೆಯುವವರು ಒಂದು ಸಾಲನ್ನಾದರೂ ಅವರಿಗೆ ಮೀಸಲಿಡಬೇಕೆಂದು ನನ್ನ ವಾದ.

ತಮ್ಮ ಮನೆತನಕ್ಕೂ ಒಂದು ಸೇತುವೆಗೂ ಸಂಬಂಧವಿದೆ ಎಂದು ಕೇಳಿ ಬಲ್ಲವರು ಅದನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿಯೇ ದಾರಿಗಳಿವೆ. ಮೊದಲು ಮನೆಯ ಪೆಟ್ಟಿಗೆ: ಸನ್ನದು, ಇನಾಮು ಪತ್ರ, ಕಂದಾಯದ ರಸೀತಿ. ಆಮೇಲೆ ಶಾಸನತಜ್ಞ ಬಿ. ಎಲ್. ರೈಸ್ ಅವರು ಜಿಲ್ಲಾವಾರು ಪ್ರಕಟಿಸಿದ ಶಾಸನ ಸಂಪುಟಗಳು ಮತ್ತು ಹಳೆಯ ಗೆಜೆಟಿಯರ್; ಇವು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಂಥ ಕಡೆ ನೋಡಲು ಸಿಗುತ್ತವೆ. ದಿವಾನರ ಕಾಲದ ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರವಿದೆ. ಓದುವಾಗ ಕ್ರಿಯಾಪದದ ಮೇಲೆ ಕಣ್ಣಿರಲಿ: ಹಣ ಕೊಟ್ಟವರು, ಅಪ್ಪಣೆ ಕೊಟ್ಟವರು, ಉಸ್ತುವಾರಿ ನೋಡಿದವರು, ದುರಸ್ತಿ ಮಾಡಿಸಿದವರು ಬೇರೆ ಬೇರೆ ಆಗಿರಬಹುದು, ಮನೆಯ ಕಥೆಯಲ್ಲಿ ಎಲ್ಲರೂ ಒಬ್ಬ ಮುತ್ತಜ್ಜನಾಗಿ ಬೆರೆತಿರಬಹುದು.

ಕಲ್ಲು ಕಡಿದವರ ಕಾಗದ ಎಲ್ಲಿಯೂ ಸಿಗುವುದಿಲ್ಲ. ಅವರದು ಕಲ್ಲಿನ ಮೇಲೆಯೇ ಇದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದಿನ ಮೋರಿಗೆ ಅಡ್ಡ ಹಾಕಿದ ಚಪ್ಪಡಿಯೂ ಲೆಕ್ಕಕ್ಕೆ ಒಂದು ಸೇತುವೆಯೇ; ಎರಡು ಆಧಾರ, ಒಂದು ತೊಲೆ. ಅದರ ಅಂಚಿಗೆ ಬಾಗಿ ನೋಡಿದರೆ ಗೇಣು ಗೇಣಿಗೆ ಒಂದರಂತೆ, ಅರ್ಧ ಸೀಳಿದ ಹೆಬ್ಬೆಟ್ಟಿನಗಲದ ಕುಳಿಗಳ ಸಾಲು ಕಾಣುತ್ತದೆ, ಬೆಣೆ ಕೂತಿದ್ದ ಜಾಗ. ಉಳಿದ ಅರ್ಧ ಇರುವುದು ಇದರ ಜೊತೆಗೇ ಸೀಳಿ ಬೇರೆಯಾದ, ಇನ್ನಾವುದೋ ಬೀದಿಯಲ್ಲಿ ಮಲಗಿರುವ ಕಲ್ಲಿನಲ್ಲಿ.